ಅಕಾಕಾ ಫಾಲ್ಸ್ ನೋಡೋಕೆ ಹೋಗೋರಿಗೆ: ಬಿಗ್ ಐಲ್ಯಾಂಡಲ್ಲಿ ಆ ಒಂದು ದಿನ ಹೇಗೆ ಪ್ಲಾನ್ ಮಾಡೋದು

ಹವಾಯಿಗೆ ಹೋಗ್ತಿದೀವಿ, ಅಕಾಕಾ ಫಾಲ್ಸ್ ಲಿಸ್ಟಲ್ಲಿದೆ, ಎಷ್ಟು ಹೊತ್ತು ಇಟ್ಕೋಬೇಕು ಅಂತ ಕೇಳೋರಿಗೆ ಮೊದಲೇ ಹೇಳ್ಬಿಡ್ತೀನಿ, ಫಾಲ್ಸ್ ಇರೋ ಸ್ಟೇಟ್ ಪಾರ್ಕ್ ಒಳಗೆ ಬೇಕಾಗೋದು ಮುಕ್ಕಾಲು ಗಂಟೆ, ಜೊತೇಲಿ ವಯಸ್ಸಾದೋರಿದ್ರೆ ಒಂದು ಗಂಟೆ, ಅಷ್ಟೇ. ಇಷ್ಟಕ್ಕೆ ಪ್ಲಾನ್ ಏನ್ ಬೇಕು ಅನ್ಸುತ್ತೆ. ಆದ್ರೆ ಆ ಮುಕ್ಕಾಲು ಗಂಟೆ ಚೆನ್ನಾಗಿರುತ್ತೋ ಇಲ್ವೋ ಅನ್ನೋದು ನೀವು ದ್ವೀಪದ ಯಾವ ಕಡೆ ರೂಮ್ ಮಾಡಿದೀರ, ಬೆಳಗ್ಗೆ ಎಷ್ಟು ಹೊತ್ತಿಗೆ ಎದ್ದು ಹೊರಟ್ರಿ, ಅವತ್ತು ಮೋಡ ಹೇಗಿತ್ತು ಇಷ್ಟರ ಮೇಲೇ ನಿಂತಿರೋದು. ಎರಡು ಗಂಟೆ ಡ್ರೈವ್ ಮಾಡ್ಕೊಂಡು ಬಂದು, ಬಿಳಿ ಮಂಜು ಬಿಟ್ರೆ ಏನೂ ಕಾಣದೆ ವಾಪಸ್ ಹೋಗೋರೂ ಇದಾರೆ.

1. ಮೊದಲು ದ್ವೀಪ ಯಾವ್ದು ಅಂತ ಸರಿಯಾಗಿ ನೋಡ್ಕೊಳ್ಳಿ

ಇದನ್ನ ಹೇಳ್ಬೇಕಾ ಅನ್ಬೇಡಿ, ಹೇಳ್ಲೇಬೇಕು. ಹವಾಯಿ ಅನ್ನೋದು ರಾಜ್ಯದ ಹೆಸರೂ ಹೌದು, ಅದರಲ್ಲಿರೋ ಒಂದು ದ್ವೀಪದ ಹೆಸರೂ ಹೌದು. ಆ ದ್ವೀಪವನ್ನೇ ಎಲ್ರೂ ಬಿಗ್ ಐಲ್ಯಾಂಡ್ ಅಂತಾರೆ, ಉಳಿದ ದ್ವೀಪಗಳನ್ನೆಲ್ಲ ಸೇರಿಸಿದ್ರೂ ಇದೇ ದೊಡ್ಡದು. ಫೋಟೋಲಿ ನೋಡೋ ವೈಕಿಕಿ ಬೀಚು, ಹೊನೊಲುಲು ಸಿಟಿ ಇರೋದು ಒವಾಹು ಅನ್ನೋ ಬೇರೆ ದ್ವೀಪದಲ್ಲಿ. ಅಲ್ಲಿಂದ ಅಕಾಕಾಗೆ ರಸ್ತೆನೂ ಇಲ್ಲ, ಫೆರ್ರಿನೂ ಇಲ್ಲ, ಚಿಕ್ಕ ಫ್ಲೈಟ್ ಹಿಡೀಬೇಕು, ಗಾಳಿಯಲ್ಲಿರೋದು ಒಂದು ಗಂಟೆ ಒಳಗೇ, ಆದ್ರೆ ಏರ್‌ಪೋರ್ಟ್ ಓಡಾಟ ಸೇರಿದ್ರೆ ಅರ್ಧ ದಿನ ಹೋಯ್ತು ಅಂತಲೇ ಲೆಕ್ಕ. ಒವಾಹುವಿಂದ ಒಂದೇ ದಿನದಲ್ಲಿ ಹೋಗಿ ಬರ್ತೀವಿ ಅನ್ನೋರಿಗೆ ನನ್ನ ಸಲಹೆ, ಬೇಡ. ದುಡ್ಡೂ ದಂಡ, ಸುಸ್ತೂ ಜಾಸ್ತಿ. ಬಿಗ್ ಐಲ್ಯಾಂಡಲ್ಲಿ ರಾತ್ರಿ ಉಳಿಯೋ ಹಾಗಿದ್ರೆ ಮಾತ್ರ ಇದನ್ನ ಲಿಸ್ಟಿಗೆ ಹಾಕಿ.

ಊರಿಂದ ಅಪ್ಪ ಅಮ್ಮನ್ನ ಕರೆಸ್ಕೊಂಡು ಹೋಗೋರಿಗೆ ಇನ್ನೊಂದು ಮಾತು, ಹವಾಯಿ ಅಮೆರಿಕದ್ದೇ ರಾಜ್ಯ ಆದ್ರಿಂದ ಅವರ ಅಮೆರಿಕ ವೀಸಾನೇ ಸಾಕು, ಬೇರೇನೂ ಬೇಡ. ಐಡಿಗೆ ಪಾಸ್‌ಪೋರ್ಟ್ ಜೊತೇಲಿರಲಿ.

2. ಹೀಲೋ ಕಡೆನೋ ಕೋನಾ ಕಡೆನೋ

ಇಡೀ ಪ್ಲಾನಲ್ಲಿ ಇದೇ ಮುಖ್ಯ, ಅದಕ್ಕೆ ಸ್ವಲ್ಪ ಉದ್ದ ಹೇಳ್ತೀನಿ. ಬಿಗ್ ಐಲ್ಯಾಂಡಿಗೆ ಎರಡು ಏರ್‌ಪೋರ್ಟ್. ಪಶ್ಚಿಮಕ್ಕೆ ಕೋನಾ, ಪೂರ್ವಕ್ಕೆ ಹೀಲೋ. ಮಧ್ಯದಲ್ಲಿ ಮೌನಾ ಕೇಯ, ಮೌನಾ ಲೋವ ಅಂತ ಎರಡು ದೈತ್ಯ ಬೆಟ್ಟ, ಎರಡೂ ಜ್ವಾಲಾಮುಖಿಗಳೇ, ಎರಡೂ 4,000 ಮೀಟರ್ ಮೇಲೆ. ಈಶಾನ್ಯದಿಂದ ಬೀಸೋ ಗಾಳಿ ಸಮುದ್ರದ ತೇವ ಎಲ್ಲ ಹೊತ್ಕೊಂಡು ಬಂದು ಈ ಬೆಟ್ಟಕ್ಕೆ ಡಿಕ್ಕಿ ಹೊಡೆದು ಹೀಲೋ ಕಡೆನೇ ಸುರಿಸ್ಬಿಡುತ್ತೆ, ಬೆಟ್ಟ ದಾಟಿ ಕೋನಾ ಕಡೆ ಹೋಗೋ ಹೊತ್ತಿಗೆ ಗಾಳಿ ಒಣಗಿರುತ್ತೆ. ಅದಕ್ಕೇ ಕೋನಾಲಿ ಬಿಸಿಲು, ಬೀಚು, ದೊಡ್ಡ ದೊಡ್ಡ ರೆಸಾರ್ಟು. ಹೀಲೋಲಿ ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ. ಫಾಲ್ಸ್ ಎಲ್ಲ ಈ ಕಡೆನೇ ಯಾಕಿದೆ ಅನ್ನೋದಕ್ಕೆ ಬೇರೆ ಉತ್ತರ ಬೇಕಿಲ್ಲ.

ಟೂರ್ ಪ್ಯಾಕೇಜ್‌ಗಳು ಸಾಮಾನ್ಯವಾಗಿ ಕೋನಾ ಕಡೆ ಹೋಟೆಲ್ ಕೊಡ್ತಾವೆ, ಅಲ್ಲಿಂದ ಅಕಾಕಾಗೆ ಸುಮಾರು ಎರಡು ಗಂಟೆ ಡ್ರೈವ್, ಹೋಗ್ತಾ ಬರ್ತಾ ನಾಲ್ಕು ಗಂಟೆ. ಹೀಲೋದಿಂದ ಆದ್ರೆ ಅರ್ಧ ಗಂಟೆ. ಅದಕ್ಕೆ ಬಿಗ್ ಐಲ್ಯಾಂಡಲ್ಲಿ ನಾಲ್ಕೈದು ದಿನ ಇರೋರು ಎರಡು ರಾತ್ರಿ ಹೀಲೋಲಿ ಉಳ್ಕೊಳ್ಳಿ, ಉಳಿದದ್ದು ಕೋನಾ ಕಡೆ ಮಾಡಿ. ವಾಲ್ಕೇನೋ ನ್ಯಾಷನಲ್ ಪಾರ್ಕೂ ಹೀಲೋದಿಂದ ಮುಕ್ಕಾಲು ಗಂಟೆ ದೂರ ಅಷ್ಟೇ, ಹಾಗಾಗಿ ಒಂದು ದಿನ ಫಾಲ್ಸು, ಒಂದು ದಿನ ಜ್ವಾಲಾಮುಖಿ, ಲೆಕ್ಕ ಸರಿ ಕೂರುತ್ತೆ. ಸಾಧ್ಯವಾದ್ರೆ ಒಂದು ಏರ್‌ಪೋರ್ಟಲ್ಲಿ ಇಳಿದು ಇನ್ನೊಂದರಿಂದ ಹತ್ತಿ, ಬಾಡಿಗೆ ಕಾರ್‌ನ ಬೇರೆ ಕಡೆ ಬಿಟ್ರೆ ಎಕ್ಸ್‌ಟ್ರಾ ಚಾರ್ಜ್ ಎಷ್ಟು ಅಂತ ಬುಕ್ ಮಾಡೋಕೆ ಮುಂಚೆನೇ ನೋಡ್ಕೊಳ್ಳಿ.

ಹೀಲೋಲಿ ಉಳ್ಕೊಳ್ಳೋರಿಗೆ ಒಂದು ಎಚ್ಚರಿಕೆ, ಹೋಟೆಲ್‌ಗಳು ಕೋನಾದಷ್ಟು ಝಗಮಗ ಇರಲ್ಲ, ಊರು ಸ್ವಲ್ಪ ಹಳೇದು. ಮತ್ತೆ ರಾತ್ರಿ ಆಯ್ತು ಅಂದ್ರೆ ಕಪ್ಪೆ. ಕೋಕಿ ಅಂತ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಕಪ್ಪೆ, ಪೋರ್ಟೊರಿಕೊದಿಂದ ಗಿಡಗಳ ಜೊತೆ ಬಂದು ಸೇರ್ಕೊಂಡಿದೆ. ಕತ್ತಲಾದ ತಕ್ಷಣ ಕೋ-ಕೀ, ಕೋ-ಕೀ ಅಂತ ಶುರು ಮಾಡಿದ್ರೆ ಬೆಳಗಿನ ಜಾವದವರೆಗೂ ಬಿಡಲ್ಲ, ಒಂದೇ ಕಪ್ಪೆ ಆದ್ರೆ ಮುದ್ದು, ಸಾವಿರ ಸೇರಿದ್ರೆ ಫೋನಲ್ಲಿ ಮಾತಾಡೋಕೂ ಆಗಲ್ಲ. ನಿದ್ದೆ ಸೂಕ್ಷ್ಮ ಇರೋರು ಇಯರ್‌ಪ್ಲಗ್ ಇಟ್ಕೊಳ್ಳಿ, ಕಿಟಕಿ ಮುಚ್ಚಿ ಏಸಿ ಹಾಕೋಕೆ ಆಗೋ ರೂಮ್ ತಗೊಳ್ಳಿ.

3. ದಿನ ಮತ್ತು ಟೈಮು

ಈ ಕಡೆ ಮಳೆ ಬರದ ತಿಂಗಳು ಅಂತ ಯಾವ್ದೂ ಇಲ್ಲ, ಹುಡುಕ್ಬೇಡಿ. ಬೇಸಿಗೆ ತಿಂಗಳು ಸ್ವಲ್ಪ ಪರವಾಗಿಲ್ಲ, ನವೆಂಬರಿಂದ ಮಾರ್ಚ್‌ವರೆಗೆ ಜಾಸ್ತಿ, ಅಷ್ಟೇ ವ್ಯತ್ಯಾಸ. ಆದ್ರೆ ದಿನದಲ್ಲಿ ಯಾವ ಹೊತ್ತು ಅನ್ನೋದು ನಿಮ್ಮ ಕೈಲಿದೆ. ಬೆಳಗ್ಗೆ ಹೊತ್ತು ಆಕಾಶ ಸಾಮಾನ್ಯವಾಗಿ ತೆರೆದಿರುತ್ತೆ, ಮಧ್ಯಾಹ್ನದ ಮೇಲೆ ಬೆಟ್ಟದ ಮೈಮೇಲೆ ಮೋಡ ಕಟ್ಟುತ್ತೆ. ಪಾರ್ಕ್ ತೆಗೆಯೋದು ಬೆಳಗ್ಗೆ 8:30ಕ್ಕೆ, ಮುಚ್ಚೋದು ಸಂಜೆ 5ಕ್ಕೆ. ಟೈಮು, ರೇಟು ಎರಡನ್ನೂ ಆಗಾಗ ಬದಲಾಯಿಸ್ತಾರೆ, ಹಿಂದಿನ ದಿನ ಹವಾಯಿ ಸ್ಟೇಟ್ ಪಾರ್ಕ್ಸ್‌ನ ಸರ್ಕಾರಿ ಸೈಟಲ್ಲಿ ಒಂದ್ಸಲ ನೋಡಿ. ಅಲ್ಲೇ ಪಾರ್ಕ್ ಮುಚ್ಚಿದ್ರೆ ನೋಟಿಸೂ ಇರುತ್ತೆ, ಜೋರು ಮಳೆ, ಚಂಡಮಾರುತದ ಮುನ್ಸೂಚನೆ ಇದ್ದಾಗ ಮುಲಾಜಿಲ್ಲದೆ ಮುಚ್ತಾರೆ. ನ್ಯಾಷನಲ್ ವೆದರ್ ಸರ್ವಿಸ್‌ನೋರು ಫ್ಲ್ಯಾಶ್ ಫ್ಲಡ್ (ದಿಢೀರ್ ಪ್ರವಾಹ) ವಾರ್ನಿಂಗ್ ಕೊಟ್ಟಿದ್ರೆ ಗೇಟ್ ತೆಗೆದಿದ್ರೂ ಹೋಗ್ಬೇಡಿ.

ತೆಗೆಯೋ ಹೊತ್ತಿಗೇ ಹೋಗೋದು ಎಲ್ಲಕ್ಕಿಂತ ಒಳ್ಳೇದು. ಹತ್ತು ಗಂಟೆ ಮೇಲೆ ಟೂರ್ ವ್ಯಾನುಗಳು ಬರೋಕೆ ಶುರುವಾಗುತ್ತೆ, ಪಾರ್ಕಿಂಗ್ ಜಾಗ ಚಿಕ್ಕದು, ನೋಡೋ ಕಟ್ಟೆನೂ ಚಿಕ್ಕದು, ಎಲ್ರೂ ಸೆಲ್ಫಿ ಸ್ಟಿಕ್ ಎತ್ಕೊಂಡು ನಿಂತಿರ್ತಾರೆ.

ಒಂದು ವಿಷಯ, ಸಣ್ಣ ಮಳೆ ಬಂದ್ರೆ ಪ್ಲಾನ್ ಕ್ಯಾನ್ಸಲ್ ಮಾಡ್ಬೇಡಿ. ಹೀಲೋಲಿ ಮಳೆ ಬರುತ್ತೆ, ನಿಲ್ಲುತ್ತೆ, ಮತ್ತೆ ಬರುತ್ತೆ, ಕಾರಲ್ಲೇ ಹತ್ತು ನಿಮಿಷ ಕೂತ್ರೆ ಆಯ್ತು. ಹಿಂದಿನ ರಾತ್ರಿ ಮಳೆ ಬಿದ್ದಿದ್ರೆ ಫಾಲ್ಸ್‌ಗೂ ಒಂದು ಕಳೆ ಬಂದಿರುತ್ತೆ.

4. ಕಾರು

ಬಸ್ಸಲ್ಲಿ ಹೋಗೋಕಾಗಲ್ವಾ ಅಂದ್ರೆ, ಹೆಲೆ-ಆನ್ ಅಂತ ಕೌಂಟಿ ಬಸ್ ಇದೆ, ಆದ್ರೆ ಅದು ಪಾರ್ಕ್ ಗೇಟ್‌ವರೆಗೆ ಬಿಡಲ್ಲ, ಹೋನೋಮು ಊರಿಂದ ಮೇಲಕ್ಕೆ ಸುಮಾರು 6 ಕಿಲೋಮೀಟರ್ ಹತ್ತಬೇಕು. ಟ್ಯಾಕ್ಸಿ ಸಿಕ್ಕಿದ್ರೂ ವಾಪಸ್ ಬರೋಕೆ ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ. ಕಾರ್ ಬಾಡಿಗೆ ತಗೊಳ್ಳೋದೇ ಸರಿ, ಇಲ್ಲ ಟೂರ್ ವ್ಯಾನ್. ಭಾರತದ ಲೈಸೆನ್ಸ್ ಇರೋರು ಜೊತೆಗೆ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸ್ಕೊಂಡು ಬನ್ನಿ, ಕೌಂಟರಲ್ಲಿ ತಕರಾರು ಇರಲ್ಲ. ಗಾಡಿ ಓಡ್ಸೋದು ರಸ್ತೆ ಬಲಕ್ಕೆ, ಬೋರ್ಡಲ್ಲಿರೋ ಸ್ಪೀಡು ಮೈಲಿ ಲೆಕ್ಕ.

ಹೀಲೋದಿಂದ ಹೈವೇ 19 ಹಿಡಿದು ಉತ್ತರಕ್ಕೆ ಹೊರಡಿ, ಬಲಗಡೆ ಸಮುದ್ರ ಇರುತ್ತೆ. ಮೈಲಿಗಲ್ಲು 13 ದಾಟಿದ ಮೇಲೆ ಎಡಕ್ಕೆ ಹೈವೇ 220, ಅಲ್ಲಿಂದ ಹೋನೋಮು ಊರೊಳಗೆ ಹಾದು ಸೀದಾ ಮೇಲಕ್ಕೆ, ರಸ್ತೆ ಮುಗಿಯೋದೇ ಪಾರ್ಕಲ್ಲಿ. ಕೋನಾದಿಂದ ಬರೋರಿಗೆ ಎರಡು ದಾರಿ, ಬೆಟ್ಟಗಳ ನಡುವೆ ಹಾಯೋ ಸ್ಯಾಡಲ್ ರೋಡ್ ಹಿಡಿದು ಹೀಲೋಗೆ ಇಳಿಯೋದು, ಇಲ್ಲ ವೈಮೆಯಾ ಮೇಲಿಂದ ಹಾಮಾಕುವಾ ಕರಾವಳಿ ಹಿಡಿದು ಬರೋದು. ಹೋಗೋದು ಒಂದರಲ್ಲಿ, ಬರೋದು ಇನ್ನೊಂದರಲ್ಲಿ ಮಾಡಿ, ದ್ವೀಪದ ಅರ್ಧ ನೋಡಿದ ಹಾಗಾಗುತ್ತೆ.

ಕಾರಲ್ಲಿ ಏನೂ ಬಿಡ್ಬೇಡಿ. ಹವಾಯಿಯ ಟೂರಿಸ್ಟ್ ಜಾಗಗಳಲ್ಲಿ ಬಾಡಿಗೆ ಕಾರ್‌ಗಳ ಗ್ಲಾಸ್ ಒಡೆಯೋದು ಹಳೇ ಕಥೆ. ಪಾಸ್‌ಪೋರ್ಟು, ಲ್ಯಾಪ್‌ಟಾಪು ಮೈಮೇಲೆ ಇಲ್ಲ ಹೋಟೆಲ್ ಲಾಕರಲ್ಲಿ. ಪಾರ್ಕಿಂಗಿಗೆ ಬಂದ್ಮೇಲೆ ಡಿಕ್ಕಿ ತೆಗೆದು ಬ್ಯಾಗ್ ಒಳಗಿಡೋ ಕೆಲಸ ಬೇಡ, ನೋಡೋರಿಗೆ ನೀವೇ ತೋರಿಸಿದ ಹಾಗೆ.

5. ದುಡ್ಡು

ಹವಾಯಿ ನಿವಾಸಿಗಳಲ್ಲದೋರಿಗೆ ತಲೆಗೆ 5 ಡಾಲರ್, ಕಾರ್ ಪಾರ್ಕಿಂಗಿಗೆ 10 ಡಾಲರ್. ಮೂರು ವರ್ಷದೊಳಗಿನ ಮಕ್ಕಳಿಗೆ ಫ್ರೀ. ಅಂದ್ರೆ ನಾಲ್ಕು ಜನರ ಫ್ಯಾಮಿಲಿಗೆ ಒಟ್ಟು 30. ಕಾರ್ಡ್ ಇರಲಿ, ಕ್ಯಾಶ್ ನಂಬ್ಕೊಂಡು ಹೋಗ್ಬೇಡಿ. ಹತ್ತು ಡಾಲರ್ ಉಳಿಸೋಕೆ ಗೇಟ್ ಹೊರಗೆ ರಸ್ತೆ ಪಕ್ಕ ನಿಲ್ಲಿಸಿ ನಡ್ಕೊಂಡು ಬರೋರು ಇದಾರೆ, ಆದ್ರೂ ತಲೆಗೆ ಐದು ಕೊಡ್ಲೇಬೇಕು. ವಯಸ್ಸಾದೋರು, ಮಕ್ಕಳು ಇದ್ದಾಗ ಈ ಜಿಪುಣತನ ಬೇಡ ಅಂತ ನನ್ನ ಅಭಿಪ್ರಾಯ, ಒಳಗೆ ಹೇಗೂ ಮೆಟ್ಟಿಲು ಹತ್ತೋದು ಇದೆ.

6. ಏನು ಹಾಕ್ಕೋಬೇಕು, ಏನು ಇಟ್ಕೋಬೇಕು

ಗ್ರಿಪ್ ಇರೋ ಶೂ ಅಥವಾ ಸ್ಯಾಂಡಲ್, ಹವಾಯಿ ಚಪ್ಪಲ್ ಮಾತ್ರ ಬೇಡ. ದಾರಿ ಸಿಮೆಂಟಿಂದೇ, ಆದ್ರೆ ಯಾವಾಗ್ಲೂ ಒದ್ದೆ, ಪಾಚಿ ಹಿಡಿದಿರೋ ಕಡೆ ಸರ್ ಅಂತ ಜಾರುತ್ತೆ. ಛತ್ರಿಗಿಂತ ತೆಳ್ಳಗಿನ ರೇನ್ ಜಾಕೆಟ್ ಮೇಲು, ಇಕ್ಕಟ್ಟು ದಾರೀಲಿ ಎದುರು ಬರೋರ ಕಣ್ಣಿಗೆ ಛತ್ರಿ ಕಡ್ಡಿ ಚುಚ್ಚೋದು ತಪ್ಪುತ್ತೆ. ಸೊಳ್ಳೆ ಕ್ರೀಮ್ ಕಾಲಿಗೂ ಹಚ್ಕೊಳ್ಳಿ. ಲೆನ್ಸ್ ಒರೆಸೋಕೆ ಒಂದು ಒಣ ಬಟ್ಟೆ. ನೀರಿನ ಬಾಟಲ್. ಇಷ್ಟು ಸಾಕು. ಟಾಯ್ಲೆಟ್ ಪಾರ್ಕಿಂಗ್ ಹತ್ರನೇ ಇದೆ, ಮೆಟ್ಟಿಲು ಇಳಿಯೋಕೆ ಮುಂಚೆ ಮಕ್ಕಳನ್ನ ಅಲ್ಲಿಗೆ ಕರ್ಕೊಂಡು ಹೋಗಿ. ಡ್ರೋನ್ ಹಾರಿಸೋ ಹಾಗಿಲ್ಲ, ಬಿಯರ್ ಕ್ಯಾನೂ ಇಲ್ಲ.

ಸನ್‌ಸ್ಕ್ರೀನ್ ತರೋರು ಲೇಬಲ್ ಓದಿ. ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರೋ ಸನ್‌ಸ್ಕ್ರೀನ್ ಮಾರೋದನ್ನ ಹವಾಯಿಲಿ 2021ರ ಜನವರಿಯಿಂದ ನಿಲ್ಲಿಸಿದಾರೆ, ಹವಳಕ್ಕೆ ಹಾನಿ ಅಂತ. ಫಾಲ್ಸಿಗೆ ಅಲ್ದಿದ್ರೂ ಮಾರನೇ ದಿನ ಬೀಚಿಗೆ ಬೇಕಾಗುತ್ತಲ್ಲ, ಝಿಂಕ್ ಇರೋದೇ ತಗೊಳ್ಳಿ.

7. ಒಳಗೆ ನಡೆಯೋದು

ದಾರಿ ಒಂದು ಸುತ್ತು, ಒಟ್ಟು ಸುಮಾರು 650 ಮೀಟರ್. ಸ್ವಲ್ಪ ಇಳಿದ್ರೆ ಕವಲು ಬರುತ್ತೆ. ಬಲಕ್ಕೆ ಹೋದ್ರೆ ಮೊದಲು ಕಾಹುನಾ ಫಾಲ್ಸ್ ನೋಡೋ ಜಾಗ, ಆಮೇಲೆ ಅಕಾಕಾ. ಎಡಕ್ಕೆ ಹೋದ್ರೆ ಸೀದಾ ಅಕಾಕಾ. ಕಾಲು ಗಟ್ಟಿ ಇರೋರು ಬಲದಿಂದ ಹೋಗಿ, ಕಾಹುನಾ ಮರಗಿಡಗಳ ಸಂದಿಯಲ್ಲಿ ಸ್ವಲ್ಪವೇ ಕಂಡ್ರೂ ದಾರಿ ಚೆನ್ನಾಗಿದೆ, ಬಿದಿರು ಮೆಳೆ, ಶುಂಠಿ ಜಾತಿಯ ಹೂವು, ಹೆಲಿಕೋನಿಯಾ, ಮರದ ಮೈಗೆ ಹಬ್ಬಿರೋ ಎಲೆ ಒಂದೊಂದೂ ಊಟದ ಎಲೆಗಿಂತ ಅಗಲ. ದೊಡ್ಡೋರಿಗೆ ಮೊಣಕಾಲು ನೋವಿದ್ರೆ ಎಡಕ್ಕೇ ಕರ್ಕೊಂಡು ಹೋಗಿ ಅದೇ ದಾರೀಲಿ ವಾಪಸ್ ತನ್ನಿ, ಕಾಹುನಾ ನೋಡದಿದ್ರೆ ಏನೂ ನಷ್ಟ ಇಲ್ಲ. ಯಾವ ಕಡೆಯಿಂದ ಹೋದ್ರೂ ಮೆಟ್ಟಿಲು ತಪ್ಪಲ್ಲ, ಇಳಿದದ್ದನ್ನೆಲ್ಲ ಹತ್ತಲೇಬೇಕು. ವೀಲ್‌ಚೇರ್ ಹೋಗಲ್ಲ, ಮಕ್ಕಳ ಸ್ಟ್ರೋಲರೂ ಹೋಗಲ್ಲ, ಮಗುನ ಕ್ಯಾರಿಯರಲ್ಲಿ ಕಟ್ಕೊಳ್ಳಿ. ಅಜ್ಜಿ ತಾತಂಗೆ ಒಂದು ಕೈಲಿ ಕಂಬಿ, ಇನ್ನೊಂದು ಕೈಲಿ ನಿಮ್ಮ ಭುಜ. ಕಂಬಿನೂ ಒದ್ದೆ ಇರುತ್ತೆ, ಒರೆಸ್ಕೊಂಡು ಹಿಡಿಯೋಕೆ ಕರ್ಚೀಫ್ ಕೊಡಿ.

ಆಮೇಲೆ ಫಾಲ್ಸ್. 442 ಅಡಿ, ಅಂದ್ರೆ 135 ಮೀಟರ್, ನಮ್ಮ ಜೋಗದ ರಾಜನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಆದ್ರೆ ಇದು ಒಂದೇ ಎಳೆ, ಮಧ್ಯ ಎಲ್ಲೂ ಬಂಡೆಗೆ ತಾಗದೆ ಮೇಲಿಂದ ಕೆಳಗೆ ಸೀದಾ, ಸುತ್ತ ಹಸಿರು ಗೋಡೆ. ನೀವು ನಿಲ್ಲೋದು ಕಣಿವೆಯ ಈಚೆ ಕಡೆ, ಎದುರಿಗೇ ಪೂರ್ತಿ ಕಾಣುತ್ತೆ. ಫೋನನ್ನ ಲಂಬವಾಗಿ ಹಿಡೀರಿ, ಅಡ್ಡ ಹಿಡಿದ್ರೆ ತಲೆನೋ ಬುಡನೋ ಕಟ್ ಆಗುತ್ತೆ.

ಇಲ್ಲಿ ಹೆಚ್ಚಿನೋರು ಫೋಟೋ ತೆಗೆದು ಹೊರಟೇಬಿಡ್ತಾರೆ, ಅಲ್ಲಿರೋ ಮಾಹಿತಿ ಬೋರ್ಡನ್ನ ಯಾರೂ ಓದಲ್ಲ, ಆದ್ರೆ ನನ್ನ ಕೇಳಿದ್ರೆ ಫಾಲ್ಸ್‌ನಷ್ಟೇ ದೊಡ್ಡ ವಿಷಯ ಅಲ್ಲಿದೆ. ಈ ಹೊಳೆಯಲ್ಲಿ ಒಓಪು ಅಂತ ಬೆರಳುದ್ದದ ಮೀನಿದೆ. ಫಾಲ್ಸ್ ಮೇಲಿನ ಹೊಳೆಯಲ್ಲಿ ಮೊಟ್ಟೆ ಇಡುತ್ತೆ, ಮರಿಗಳು ನೀರಿನ ಜೊತೆ ಕೆಳಗೆ ಬಿದ್ದು ಸಮುದ್ರ ಸೇರ್ತಾವೆ, ಕೆಲವು ತಿಂಗಳು ಅಲ್ಲಿ ಬೆಳೆದು ಮತ್ತೆ ಹೊಳೆಗೆ ಬರ್ತಾವೆ. ಆಮೇಲೆ ಈ ಗೋಡೆ ಹತ್ತುತ್ತಾವೆ. ನಿಜವಾಗ್ಲೂ ಹತ್ತುತ್ತಾವೆ. ಹೊಟ್ಟೆ ಕೆಳಗಿನ ಎರಡು ರೆಕ್ಕೆ ಕೂಡಿ ಬಟ್ಟಲಿನ ಥರ ಆಗಿರುತ್ತೆ, ಅದನ್ನ ಬಂಡೆಗೆ ಅಂಟಿಸ್ಕೊಂಡು, ನೀರು ಚಿಮ್ಮಿ ಒದ್ದೆಯಾಗಿರೋ ಜಾಗ ಹಿಡ್ಕೊಂಡು, ಸ್ವಲ್ಪ ಜಿಗಿದು, ಅಂಟಿ, ಸುಧಾರಿಸ್ಕೊಂಡು, ಮತ್ತೆ ಜಿಗಿದು, 135 ಮೀಟರ್. ನೀವು ನಿಂತಲ್ಲಿಂದ ಅದು ಕಣ್ಣಿಗೆ ಕಾಣಲ್ಲ, ಅಷ್ಟು ದೂರ. ಆದ್ರೆ ಇದನ್ನ ಮಕ್ಕಳಿಗೆ ಅಲ್ಲಿ ನಿಂತ್ಕೊಂಡೇ ಹೇಳಿ, ಆಮೇಲೆ ವಾಪಸ್ ಮೆಟ್ಟಿಲು ಹತ್ತೋಕೆ ಎತ್ಕೋ ಅಂತ ಹಟ ಮಾಡೋದು ಸ್ವಲ್ಪ ಕಮ್ಮಿ ಆಗುತ್ತೆ.

8. ನೀರಿಗೆ ಇಳಿಯೋ ಆಸೆ ಬಿಟ್ಬಿಡಿ

ಟವೆಲ್, ಸ್ವಿಮ್ ಸೂಟ್ ತರೋದೇ ಬೇಡ. ಅಕಾಕಾದ ಬುಡಕ್ಕೆ ಇಳಿಯೋಕೆ ಬಿಡಲ್ಲ, ಬೇಲಿ ದಾಟೋದು ಕಾನೂನಿಗೂ ವಿರುದ್ಧ ಪ್ರಾಣಕ್ಕೂ ಅಪಾಯ. ಹಳೇ ವಿಡಿಯೋಲಿ ಯಾರೋ ಕೆಳಗೆ ಇಳಿದಿರೋದು ಕಾಣುತ್ತೆ, ಅವರನ್ನ ನೋಡಿ ಹೋಗ್ಬೇಡಿ, ಸಡಿಲ ಮಣ್ಣು, ಬಂಡೆ ಉರುಳೋ ಗೋಡೆ ಅದು. ಮೇಲೆ ಬೆಟ್ಟದಲ್ಲಿ ಮಳೆ ಬಿದ್ರೆ ಇಲ್ಲಿ ಬಿಸಿಲಿದ್ದಾಗಲೂ ನೀರು ನಿಮಿಷಗಳಲ್ಲಿ ಏರಿಬಿಡುತ್ತೆ. ಹವಾಯಿಯ ಬೇರೆ ಹೊಳೆಗಳಲ್ಲಿ ಇಳಿಯೋರಿಗೂ ಹೇಳ್ತೀನಿ, ಕಾಲಲ್ಲಿ ಗಾಯ ಇದ್ರೆ ಇಳೀಬೇಡಿ, ಲೆಪ್ಟೋಸ್ಪೈರೋಸಿಸ್, ಅದೇ ನಾವು ಇಲಿ ಜ್ವರ ಅಂತೀವಲ್ಲ, ಅದು ಇಲ್ಲಿನ ಹೊಳೆ ನೀರಲ್ಲಿ ಇದೆ.

ಗಿಡದ ಕೊಂಬೆ ಅಲ್ಲಾಡಿಸೋದು, ಹೂವು ಕೀಳೋದು ಬೇಡ, ಪಾರ್ಕ್ ರೂಲ್ ಅಂತ ಮಾತ್ರ ಅಲ್ಲ. ಹೀಲೋ ಕಡೆ ಲಿಟಲ್ ಫೈರ್ ಆಂಟ್ ಅಂತ ಕಣ್ಣಿಗೂ ಸರಿಯಾಗಿ ಕಾಣದಷ್ಟು ಸಣ್ಣ ಇರುವೆ ಇದೆ, ಎಲೆ ಮೇಲಿಂದ ಕುತ್ತಿಗೆ ಮೇಲೆ ಉದುರಿ ಕಚ್ಚಿದ್ರೆ ದಿನಗಟ್ಟಲೆ ಉರಿ, ತುರಿಕೆ.

9. ಉಳಿದ ದಿನ

ಒಂಬತ್ತೂವರೆಗೆಲ್ಲ ಅಕಾಕಾ ಮುಗೀತು, ಈಗ ಏನು? ಕೆಳಗೆ ಹೋನೋಮುಲಿ ನಿಲ್ಲಿಸಿ. ಒಂದೇ ಬೀದಿ, ಮರದ ಹಳೇ ಅಂಗಡಿಗಳು, ಕಬ್ಬಿನ ತೋಟಗಳ ಕಾಲದ ಊರು. 1990ರ ದಶಕದಲ್ಲಿ ಈ ಕರಾವಳಿಯ ಸಕ್ಕರೆ ಕಂಪನಿಗಳು ಮುಚ್ಚಿದ ಮೇಲೆ ಈಗ ಟೂರಿಸ್ಟರೇ ಆಧಾರ. ಬೇಕರಿ, ಹಣ್ಣಿನ ಜಾಮ್ ಸಿಗುತ್ತೆ, ಲಿಲಿಕೊಯಿ ಅಂದ್ರೆ ಪ್ಯಾಷನ್ ಫ್ರೂಟ್, ಅದರ ಜಾಮ್ ತಗೊಳ್ಳಿ. ಸಸ್ಯಾಹಾರಿಗಳು ಹುಷಾರು, ಅಂಗಡಿಗಳ ಕೌಂಟರಲ್ಲಿ ಅನ್ನದ ಉಂಡೆ ಥರ ಪ್ಲಾಸ್ಟಿಕ್ ಸುತ್ತಿ ಇಟ್ಟಿರೋದು ಸ್ಪ್ಯಾಮ್ ಮುಸುಬಿ, ಒಳಗೆ ಹಂದಿಮಾಂಸ. ಬೇಕರಿ ತಿಂಡಿಗಳಲ್ಲಿ ಮೊಟ್ಟೆ ಇದ್ದೇ ಇರುತ್ತೆ ಅಂದ್ಕೊಳ್ಳಿ. ಮನೆಯಿಂದ ಚಪಾತಿ, ಪುಳಿಯೋಗರೆ ಕಟ್ಕೊಂಡು ಹೋಗಿದ್ರೆ ಅಷ್ಟು ನೆಮ್ಮದಿ.

ಹೀಲೋ ಊರೊಳಗೇ ರೇನ್‌ಬೋ ಫಾಲ್ಸ್ ಇದೆ, 80 ಅಡಿ, ಟಿಕೆಟ್ ಇಲ್ಲ, ಕಾರಿಂದ ಇಳಿದು ಕೆಲವೇ ಹೆಜ್ಜೆ. ಕಾಮನಬಿಲ್ಲು ಕಾಣಬೇಕು ಅಂದ್ರೆ ಬೆಳಗ್ಗೆ ಹೊತ್ತು ಬಿಸಿಲಿರಬೇಕು, ಸೂರ್ಯ ನಿಮ್ಮ ಬೆನ್ನ ಹಿಂದೆ ಇರಬೇಕು, ಮಧ್ಯಾಹ್ನ ಹೋಗಿ ಎಲ್ಲಿ ಎಲ್ಲಿ ಅಂದ್ರೆ ಇಲ್ಲ. ಹಾಗಾಗಿ ಹೀಲೋಲಿ ಉಳ್ಕೊಂಡೋರಿಗೆ ಬೆಳಗ್ಗೆ ಒಂದು ತಕರಾರು ಬರುತ್ತೆ, ಯಾವ್ದು ಮೊದಲು ಅಂತ. ನಾನಾದ್ರೆ ಅಕಾಕಾ ಮೊದಲು, ವಾಪಸ್ ಬರ್ತಾ ಹತ್ತು ಗಂಟೆ ಸುಮಾರಿಗೆ ರೇನ್‌ಬೋ. ಮೆಟ್ಟಿಲು ಇಳಿಯೋಕೇ ಆಗದೋರು ಜೊತೇಲಿದ್ರೆ ಅಕಾಕಾ ಬಿಟ್ಟು ಇದೊಂದನ್ನೇ ತೋರಿಸಿ, ಅವರಿಗೂ ಖುಷಿ, ನಿಮಗೂ ಟೆನ್ಷನ್ ಇಲ್ಲ. ಬುಧವಾರ ಅಥವಾ ಶನಿವಾರ ಆದ್ರೆ ಹೀಲೋ ಫಾರ್ಮರ್ಸ್ ಮಾರ್ಕೆಟ್ ದೊಡ್ಡದಾಗಿ ನಡೆಯುತ್ತೆ, ರಂಬೂಟಾನ್, ಪರಂಗಿ, ಬಾಳೆಹಣ್ಣು ಅಲ್ಲೇ ತಿಂದು ಮುಗಿಸಿ, ವಿಮಾನದಲ್ಲಿ ಅಮೆರಿಕದ ಮೇನ್‌ಲ್ಯಾಂಡಿಗೆ ಹೋಗೋವಾಗ ಏರ್‌ಪೋರ್ಟಲ್ಲಿ ಕೃಷಿ ಇಲಾಖೆಯೋರು ಬ್ಯಾಗ್ ಸ್ಕ್ಯಾನ್ ಮಾಡ್ತಾರೆ, ಬಹಳಷ್ಟು ತಾಜಾ ಹಣ್ಣು ಬಿಡಲ್ಲ, ಅನಾನಸ್ ಬಿಡ್ತಾರೆ.

ಕೋನಾ ಕಡೆ ವಾಪಸ್ ಹೋಗೋರು ಹೈವೇ 19ರಲ್ಲೇ ಉತ್ತರಕ್ಕೆ ಮುಂದುವರೀರಿ. ದಾರೀಲಿ ಲೌಪಾಹೋಯೆಹೋಯೆ ಪಾಯಿಂಟ್ ಇದೆ, ಸಮುದ್ರಕ್ಕೆ ಚಾಚಿರೋ ಕಪ್ಪು ಕಲ್ಲಿನ ನಾಲಿಗೆ, ಅಲೆ ಬಡಿಯೋದು ನೋಡೋಕೆ ಚೆನ್ನ. 1946ರ ಏಪ್ರಿಲ್ 1ರ ಸುನಾಮಿಯಲ್ಲಿ ಅಲ್ಲಿದ್ದ ಶಾಲೆಯ ಮಕ್ಕಳು, ಟೀಚರ್‌ಗಳು ಕೊಚ್ಚಿಹೋದ್ರು, ಅವರ ಹೆಸರಿರೋ ಸ್ಮಾರಕ ಇದೆ, ನೀರಿಗೆ ಬೆನ್ನು ಹಾಕಿ ಫೋಟೋ ತೆಗೆಸ್ಕೊಳ್ಳೋ ಚಪಲ ಅಲ್ಲಿ ಬೇಡ. ಕೊನೆಗೆ ವೈಪಿಯೋ ಕಣಿವೆ. ಮೇಲಿನ ಲುಕ್‌ಔಟಿಂದ ನೋಡಬಹುದು, ಆದ್ರೆ ಕೆಳಗೆ ಇಳಿಯೋ ಕಡಿದಾದ ರಸ್ತೆಯನ್ನ 2022ರಲ್ಲಿ ಟೂರಿಸ್ಟರಿಗೆ ಮುಚ್ಚಿದಾರೆ, ಫೋರ್ ವೀಲ್ ಡ್ರೈವ್ ಇದೆ ಹೋಗ್ತೀವಿ ಅಂತ ಆ ಜೀಪಿಗೆ ಎಕ್ಸ್‌ಟ್ರಾ ದುಡ್ಡು ಕೊಟ್ಟು ಬುಕ್ ಮಾಡ್ಬೇಡಿ, ಈ ಇಡೀ ದಿನದ ಪ್ಲಾನಿಗೆ ಸಾದಾ ಚಿಕ್ಕ ಕಾರೇ ಸಾಕು.